ದಿನದ ಬದುಕಿನ ಬಗ್ಗೆ ಬರೆಯುವ ಕೈ ನಿಂತರೆ: ಎಲ್ಲಿ ಕೆಟ್ಟಿದೆ, ಹೇಗೆ ಸರಿಮಾಡುವುದು?

ಖಾಲಿಹಾಳೆ

ಮನೆ, ಬೀದಿ, ಬಸ್ಸು, ಅಡುಗೆ, ಮಳೆ, ಪಕ್ಕದ ಮನೆಯವರು, ಇಂಥ ದಿನನಿತ್ಯದ ಸಂಗತಿಗಳನ್ನೇ ಹಿಡಿದು ಸಣ್ಣ ಬರಹ, ಹರಟೆ ಬರೆಯುವವರು ಎರಡು ಮೂರು ವರ್ಷ ಚೆನ್ನಾಗಿಯೇ ಬರೆಯುತ್ತಾರೆ. ಆಮೇಲೆ ವಾರಕ್ಕೊಂದು ಇದ್ದದ್ದು ತಿಂಗಳಿಗೊಂದಾಗಿ, ಯುಗಾದಿಗೊಂದು ದೀಪಾವಳಿಗೊಂದಾಗಿ ನಿಂತೇ ಹೋಗುತ್ತದೆ. ಕೇಳಿದರೆ "ಮೂಡ್ ಇಲ್ಲ", "ಬರೆಯೋಕೆ ಏನಿದೆ" ಅನ್ನುತ್ತಾರೆ. ಸ್ಫೂರ್ತಿ ಬರುವವರೆಗೆ ಕಾಯಿರಿ ಎಂಬುದೊಂದು ಉಪದೇಶ, ದಿನಾ ಬರೆಯಿರಿ ಎಂಬುದು ಇನ್ನೊಂದು. ಇವೆರಡನ್ನೂ ಬಿಟ್ಟು ಕೈಯಿಂದ ಮಾಡಿ ನೋಡಬಹುದಾದ್ದು ಏನಾದರೂ ಇದೆಯೇ? ಸ್ವಂತ ಕಥೆ ಬೇಡ, ದಯವಿಟ್ಟು. ಈ ವಿಷಯದಲ್ಲಿ ಎಲ್ಲರ ಕಥೆಯೂ ಒಂದೇ ಥರ ಇರುತ್ತೆ.

ಹಸ್ತಪ್ರತಿ

"ಮೂಡ್ ಇಲ್ಲ" ಅನ್ನುವುದು "ಜ್ವರ" ಅಂದ ಹಾಗೆ. ಯಾವುದರಿಂದ ಬಂದ ಜ್ವರ ಅಂತ ನೋಡಬೇಕಲ್ಲ. ಕೊನೆಯ ಹತ್ತು ಬರಹ ಮುಂದಿಟ್ಟುಕೊಂಡು ಕೆಂಪು ಪೆನ್ಸಿಲ್ ಹಿಡಿದು ಕೂತರೆ ಒಂದು ಗಂಟೆಯ ಕೆಲಸ. ಪ್ರತಿ ಬರಹಕ್ಕೂ ಇಷ್ಟು ಕೇಳಿಕೊಳ್ಳಿ: ಇದರಲ್ಲಿ ನಡೆದದ್ದು ಬರೆದ ದಿನದಿಂದ ಹಿಂದಕ್ಕೆ ಒಂದು ತಿಂಗಳೊಳಗಿನದೋ, ಬಾಲ್ಯದ್ದೋ? ಬೇರೊಬ್ಬರು ಆಡಿದ ಮಾತು ಒಂದಾದರೂ ಆಡಿದ ಹಾಗೇ ಇದೆಯೋ? ಬೆಲೆ, ತೂಕ, ಹೊತ್ತು, ಬಣ್ಣ, ಹೆಸರು, ಇವುಗಳಲ್ಲಿ ಮೂರಾದರೂ ಸಿಗುತ್ತವೆಯೋ? ಕೊನೆಯ ಪ್ಯಾರಾದಲ್ಲಿ "ಬದುಕು", "ಸಂಬಂಧ", "ಕಾಲ" ಈ ಮೂರರಲ್ಲಿ ಯಾವುದಾದರೂ ಪದ ಇಣುಕಿದೆಯೋ?

ಹತ್ತರಲ್ಲಿ ಆರಕ್ಕಿಂತ ಹೆಚ್ಚು ಬಾಲ್ಯದ್ದಾದರೆ ಅದು ಅಸಲನ್ನೇ ಕರಗಿಸಿದ ಕೇಸು. ಅಜ್ಜಿಮನೆ, ಹಂಡೆಯ ಬಿಸಿನೀರು, ಮಾಳಿಗೆ ಮೇಲೆ ಒಣಹಾಕಿದ ಹಪ್ಪಳ, ದೂರದರ್ಶನದ ಭಾನುವಾರ, ಇವೆಲ್ಲ ಒಮ್ಮೆ ಬರೆಯಲು ಸೊಗಸು. ಆದರೆ ಹೀಗೆ ನೇರವಾಗಿ ಎತ್ತಿ ಬರೆಯಬಹುದಾದ ನೆನಪು ಒಬ್ಬರ ಹತ್ತಿರ ಇಪ್ಪತ್ತೋ ಮೂವತ್ತೋ ಇದ್ದಾವು. ವಾರಕ್ಕೊಂದರಂತೆ ಖರ್ಚು ಮಾಡಿದರೆ ಆರೇಳು ತಿಂಗಳಲ್ಲಿ ಡಬ್ಬದ ತಳ ಕಾಣುತ್ತದೆ. ಆಮೇಲೆ ಅದನ್ನೇ ಮಗುಚಿ ಹಾಕಬೇಕು. ಓದುವವರಿಗಿಂತ ಮೊದಲು ಬರೆಯುವವರಿಗೇ ಸಾಕಾಗುತ್ತದೆ. ಅದನ್ನು ಸ್ಫೂರ್ತಿ ಬತ್ತಿತು ಅಂದುಕೊಳ್ಳುತ್ತಾರೆ, ಬತ್ತಿದ್ದು ದಾಸ್ತಾನು. ಇದಕ್ಕೆ ಒಂದು ನಿಯಮ ಸಾಕು: ಇವತ್ತಿನ ವಸ್ತುವೊಂದಕ್ಕೆ ಕಟ್ಟಿ ಹಾಕದೆ ಹಳೆಯ ನೆನಪು ಬರೆಯಬಾರದು. ಮಿಕ್ಸಿ ಜಾರಿನ ವಾಷರ್ ಹರಿದು ಚಟ್ನಿ ಕೆಳಗೆ ಸೋರಿದ್ದು ಇವತ್ತಿನದು. ಒರಳುಕಲ್ಲು ಅದರೊಳಗೆ ಎರಡು ಸಾಲು ಬಂದು ಹೋಗಲಿ, ಒರಳುಕಲ್ಲಿನ ಮೇಲೇ ಮೂರು ಪುಟ ಬೇಡ.

ಇನ್ನು ಕೊನೆಯ ಪ್ಯಾರಾದ ನೀತಿ. ಬರಹದ ಬಾಲಕ್ಕೆ ಪ್ರತಿಸಲವೂ ನೀತಿ ಕಟ್ಟುವ ರೂಢಿ ಬಿದ್ದರೆ ಕಣ್ಣು ತಾನಾಗಿ ನೀತಿ ಹೊರಡುವಂಥ ಘಟನೆಗಳನ್ನೇ ಹುಡುಕತೊಡಗುತ್ತದೆ. ಹಾಲಿನ ಪ್ಯಾಕೆಟ್ಟಿನ ಮೂಲೆ ತೂತಾಗಿ ಗೇಟಿನಿಂದ ಬಾಗಿಲವರೆಗೆ ಚುಕ್ಕಿ ಬಿದ್ದದ್ದರಲ್ಲಿ ಏನು ನೀತಿ ಇದೆ? ಇಲ್ಲ. ಹಾಗಾಗಿ ಅದು ಕಣ್ಣಿಗೇ ಬೀಳುವುದಿಲ್ಲ. "ಬರೆಯೋಕೆ ಏನಿದೆ" ಎಂಬ ಮಾತು ಹುಟ್ಟುವುದು ಇಲ್ಲಿ. ಹಳೆಯ ಹತ್ತೂ ಬರಹಗಳ ಕೊನೆಯ ಪ್ಯಾರಾ ಬೆರಳಿನಲ್ಲಿ ಮುಚ್ಚಿ ಓದಿ ನೋಡಿ, ಬಹುಪಾಲಿಗೆ ಏನೂ ಕಮ್ಮಿಯಾಗಿರುವುದಿಲ್ಲ.

ಧಾರವಾಡದ ಗಾಳಿ

ಹಸ್ತಪ್ರತಿ ಸರ್ ಹೇಳಿದ್ದು ಖರೆ ಐತ್ರಿ. ಆದ್ರ ಅದಕ್ಕೂ ಹಿಂದಿಂದು ಒಂದೈತಿ. ನಿಂತಿದ್ದು ಬರಿಯೂದಲ್ಲ, ನೋಡೂದು. ಮೊದಲ ಬಸ್ ಸ್ಟ್ಯಾಂಡಿನ್ಯಾಗ ಇಪ್ಪತ್ತು ಮಿನಿಟ ಕುಂತ್ರ ಕಣ್ಣಿಗೆ ಬ್ಯಾರೆ ಗತಿ ಇರ್ತಿದ್ದಿಲ್ಲ, ಮಂದೀನ್ನ ನೋಡಬೇಕಿತ್ತು. ಈಗ ಆ ಇಪ್ಪತ್ತು ಮಿನಿಟ ಫೋನಿಗೆ ಹೋಗ್ತಾವ. ದಿನದ ಬರಹಕ್ಕ ಮಾಲು ಬರೂದು ಇಂಥ ಖಾಲಿ ಹೊತ್ತಿನ್ಯಾಗ ರಿ. ಮೇಜಿನ ಮುಂದ ಕುಂತಾಗ ಬರೂದು ಬರೇ ಅಭಿಪ್ರಾಯ.

ಹಿಂಗ ಮಾಡ್ರಿ. ದಿನಕ್ಕ ಒಂದ ಖಾಲಿ ಹೊತ್ತು ಆರಿಸ್ಕೋರಿ: ಬಸ್ಸು ಕಾಯೂದು, ಹಾಲು ತರೂದು, ಹಿಟ್ಟಿನ ಗಿರಣಿ ಮುಂದ ನಿಂದ್ರೂದು. ಅಷ್ಟ ಹೊತ್ತು ಫೋನ್ ಕಿಸೆದಾಗ ಇರಲಿ. ಗಿರಣಿ ಅಂತ ಇಟ್ಕೋರಿ. ಯಾರ ಡಬ್ಬಿ ಮೊದಲ, ಯಾರು ನಡುವ ತಂದು ಇಟ್ರು. ಜ್ವಾಳ ಬೀಸಿದ ಮ್ಯಾಲ ಗೋದಿ ಹಾಕಿದ್ರ ಮೊದಲ ಬರೂ ಮಿಶ್ರ ಹಿಟ್ಟು ಯಾರ ಡಬ್ಬಿಗೆ ಬೀಳ್ತೈತಿ, ಅದಕ್ಕ ಯಾರು ಗೊಣಗತಾರ. ಖಾರ ಕುಟ್ಟೂ ಮಷೀನ ದೂರ ಯಾಕ ಇಟ್ಟಾರ. ಗಿರಣಿಯವ ಬೀಳೂ ಹಿಟ್ಟನ್ನ ಎರಡು ಬೆರಳಿನ್ಯಾಗ ತಿಕ್ಕಿ ನೋಡಿ ಕಲ್ಲು ಬಿಗಿ ಮಾಡ್ತಾನಲ್ಲ, ಅದು. ಇಷ್ಟ ನೋಡಿದ್ರ ಅರ್ಧಾ ಬರಹ ಆತು. "ಗಿರಣಿಗೆ ಹೋಗಿದ್ದೆ, ಭಾಳ ರಶ್ ಇತ್ತು" ಅಂತ ಬರದವ್ರಿಗೆ ಮುಂದಿನ ವಾಕ್ಯ ಎಲ್ಲಿಂದ ಬರಬೇಕು?

ಮನಿಗೆ ಬಂದ ಕೂಡ್ಲೆ ಐದು ಸಾಲು ಬರೀರಿ. ಕಣ್ಣಿಗೆ ಬಿದ್ದಿದ್ದು ಎರಡು, ಕಿವಿಗೆ ಬಿದ್ದಿದ್ದು ಎರಡು, ವಾಸನಿ ಇಲ್ಲಾ ಮುಟ್ಟಿದ್ದು ಒಂದು. ಆರನೇದು ಬ್ಯಾಡ, ನಾಳಿಗೆ ಹಸಿವಿ ಉಳೀಬೇಕು. ಅಭಿಪ್ರಾಯ ಅಂತೂ ಬ್ಯಾಡ ಬ್ಯಾಡ. "ಚಲೋ ಅನಿಸ್ತು" ಅಂತ ಟಿಪ್ಪಣಿ ಮಾಡಿದ್ರ ವಾರದ ಮ್ಯಾಲ ಓದಿದಾಗ ಏನು ಚಲೋ ಅನಿಸ್ತು ಅನ್ನೂದ ಮರತಿರ್ತೈತಿ.

ಒತ್ತಕ್ಷರ

ಐದು ಸಾಲಿನ ಲೆಕ್ಕ ಚೆನ್ನಾಗಿದೆ. ಅದಕ್ಕೆ ಬೇಕಾದ ಸಾಮಾನು ಹೇಳುತ್ತೇನೆ, ಯಾಕೆಂದರೆ ತುಂಬಾ ಜನ ಎಡವುವುದು ಪುಸ್ತಕ ಕೊಳ್ಳುವಾಗಲೇ.

ತಾರೀಕು ಅಚ್ಚಾದ ಡೈರಿ ಬೇಡವೇ ಬೇಡ. ಜನವರಿ ಎರಡನೇ ವಾರಕ್ಕೆ ನಾಲ್ಕು ಪುಟ ಖಾಲಿ ಬಿದ್ದಿರುತ್ತವೆ, ಆ ಖಾಲಿ ಪುಟಗಳು ಅಣಕಿಸುತ್ತವೆ, ಸಂಕ್ರಾಂತಿ ಕಳೆಯುವಷ್ಟರಲ್ಲಿ ಡೈರಿ ಹಾಲಿನ ಲೆಕ್ಕಕ್ಕೆ ಹೋಗಿರುತ್ತದೆ. ದಪ್ಪ ರಟ್ಟಿನ, ಚರ್ಮದ ಹೊದಿಕೆಯ ಪುಸ್ತಕವೂ ಬೇಡ, ಅದರಲ್ಲಿ ಸಾಧಾರಣ ಮಾತು ಬರೆಯಲು ಕೈ ಹೆದರುತ್ತದೆ. ಸ್ಟೇಷನರಿ ಅಂಗಡಿಯ 96 ಪುಟದ ಕಿಸೆ ಪುಸ್ತಕ ಸಾಕು. ದಿನಕ್ಕೆ ಐದು ಸಾಲು ಅಂದರೆ ತಿಂಗಳಿಗೆ 150, ಪುಟಕ್ಕೆ 20 ಸಾಲಿನಂತೆ ಏಳೂವರೆ ಪುಟ. ಒಂದು ಪುಸ್ತಕ ಒಂದು ವರ್ಷ ಬರುತ್ತದೆ. ತಾರೀಕು ನೀವೇ ಬರೆಯಿರಿ, ಬಿಟ್ಟ ದಿನಕ್ಕೆ ಜಾಗ ಬಿಡಬೇಡಿ. ಬಾಲ್ ಪೆನ್ ಇರಲಿ. ಜೆಲ್ ಪೆನ್ನಿನ ಅಕ್ಷರ ಮಳೆಗಾಲದಲ್ಲಿ, ಬೆವರಿನ ಕಿಸೆಯಲ್ಲಿ ಹರಡಿಹೋಗುತ್ತದೆ.

ಭಾನುವಾರ ಅರ್ಧ ಗಂಟೆ ಕೂತು ವಾರದ 35 ಸಾಲು ಓದಿ. ಎರಡಕ್ಕಿಂತ ಹೆಚ್ಚು ಸಾಲಿಗೆ ಗುರುತು ಹಾಕಬೇಡಿ. ಎರಡರಲ್ಲಿ ಒಂದನ್ನು ಹಿಡಿದು ನಲವತ್ತು ನಿಮಿಷದಲ್ಲಿ ನಾನೂರು ಪದ, ಲಾಂಗ್ ನೋಟ್‌ಬುಕ್ಕಿನಲ್ಲಿ ಎರಡೂವರೆ ಮೂರು ಪುಟ. ತಿದ್ದುವುದು ಮರುದಿನ. ಮುಗಿದ ಬರಹ 500ರಿಂದ 700 ಪದಕ್ಕೆ ನಿಲ್ಲಲಿ. ಒಂದು ಸಣ್ಣ ಸಂಗತಿ ಹೊರಬಲ್ಲ ಭಾರ ಅಷ್ಟೇ. 1,500 ಪದಕ್ಕೆ ಎಳೆಯಲು ಹೋದಾಗಲೇ "ಇಂದಿನ ಧಾವಂತದ ಜೀವನದಲ್ಲಿ" ಎಂಬಂಥ ಹತ್ತಿ ತುರುಕಬೇಕಾಗುತ್ತದೆ.

ದಿನಾ ಟಿಪ್ಪಣಿ ಮಾಡಿ, ದಿನಾ ಬರಹ ಬರೆಯಲು ಹೋಗಬೇಡಿ. ಈ ಎರಡನ್ನು ಒಂದೇ ಅಂದುಕೊಂಡು ಕೈಸುಟ್ಟುಕೊಳ್ಳುವವರೇ ಹೆಚ್ಚು.

ಸಂಜೆಪಾಳಿ

ಅಭ್ಯಾಸದ ಮಾತು ಬಂದಾಗಲೆಲ್ಲ "21 ದಿನ ಮಾಡಿದರೆ ರೂಢಿಯಾಗುತ್ತೆ" ಅಂತ ಒಬ್ಬರು ಬರುತ್ತಾರೆ, ಅದಕ್ಕೇ ಮುಂಚಿತವಾಗಿ ಹೇಳಿಬಿಡುತ್ತೇನೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಫಿಲಿಪ್ಪಾ ಲ್ಯಾಲಿ ಮತ್ತು ಸಂಗಡಿಗರು 96 ಜನರನ್ನು 84 ದಿನ ಗಮನಿಸಿದ ಅಧ್ಯಯನ 2010ರಲ್ಲಿ ಅಚ್ಚಾಯಿತು. ತಿಂಡಿಯಾದ ಮೇಲೆ ಒಂದು ಲೋಟ ನೀರು ಕುಡಿಯುವಂಥ ಕೆಲಸಗಳು. ತನ್ನಿಂತಾನೇ ಆಗುವ ಮಟ್ಟಕ್ಕೆ ಬರಲು ಹಿಡಿದದ್ದು ಮಧ್ಯಕ ಲೆಕ್ಕದಲ್ಲಿ, ಅಂದರೆ ಎಲ್ಲರನ್ನೂ ಸಾಲಾಗಿ ಇಟ್ಟಾಗ ನಡುವೆ ಬರುವವರಿಗೆ, 66 ದಿನ. ವ್ಯಕ್ತಿಯಿಂದ ವ್ಯಕ್ತಿಗೆ ಅದು 18ರಿಂದ 254 ದಿನದವರೆಗೆ ಹರಡಿತ್ತು, 84 ದಿನ ಮೀರಿದ್ದೆಲ್ಲ ಲೆಕ್ಕ ಹಾಕಿ ಮುಂದಕ್ಕೆ ಎಳೆದ ಅಂದಾಜು. ನೀರು ಕುಡಿಯುವುದಕ್ಕಿಂತ ವ್ಯಾಯಾಮಕ್ಕೆ ಹೆಚ್ಚು ದಿನ ಬೇಕಾಯಿತು. ಬರವಣಿಗೆ ಅದರಲ್ಲಿ ಇರಲೇ ಇಲ್ಲ. ಇದ್ದಿದ್ದರೆ ವ್ಯಾಯಾಮದ ಸಾಲಿಗೇ ಬರುತ್ತಿತ್ತೆಂದು ನನ್ನ ಊಹೆ. ನಮಗೆ ಉಪಯೋಗವಾಗುವ ಅಂಶ ಬೇರೆ ಇದೆ: ನಡುವೆ ಒಂದು ದಿನ ತಪ್ಪಿದ್ದರಿಂದ ರೂಢಿಗೆ ಗಣನೀಯ ಪೆಟ್ಟು ಬೀಳಲಿಲ್ಲ. ಮತ್ತೆ, ಅವರು "ಬೆಳಿಗ್ಗೆ 7ಕ್ಕೆ" ಅಂತ ಗಡಿಯಾರ ನೋಡಲಿಲ್ಲ, "ತಿಂಡಿಯಾದ ಮೇಲೆ" ಅಂತ ಇನ್ನೊಂದು ಕೆಲಸಕ್ಕೆ ಗಂಟು ಹಾಕಿದರು. ಐದು ಸಾಲನ್ನೂ ಹಾಗೇ ಗಂಟು ಹಾಕಿ. ಎರಡನೇ ಕಾಫಿ ಲೋಟ ತೊಳೆದಿಟ್ಟ ಮೇಲೆ, ಚಪ್ಪಲಿ ಬಿಟ್ಟ ಮೇಲೆ, ಹೀಗೆ.

ಇನ್ನೊಂದು ಲೈಕಿನ ವಿಷಯ. 1973ರಲ್ಲಿ ಲೆಪ್ಪರ್, ಗ್ರೀನ್, ನಿಸ್ಬೆಟ್ ಎಂಬ ಮೂವರು ಚಿತ್ರ ಬಿಡಿಸುವುದೆಂದರೆ ಇಷ್ಟಪಡುವ ಶಿಶುವಿಹಾರದ ಮಕ್ಕಳನ್ನು ಮೂರು ಗುಂಪು ಮಾಡಿದರು. ಒಂದು ಗುಂಪಿಗೆ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುತ್ತೇವೆ ಅಂತ ಮೊದಲೇ ಹೇಳಿದರು. ಇನ್ನೊಂದಕ್ಕೆ ಹೇಳದೆ ಕೊನೆಗೆ ಕೊಟ್ಟರು. ಮೂರನೆಯದಕ್ಕೆ ಏನೂ ಇಲ್ಲ. ಒಂದೆರಡು ವಾರದ ಮೇಲೆ ಆಟದ ಹೊತ್ತಿನಲ್ಲಿ ಪೆನ್ನು ಕಾಗದ ಇಟ್ಟು ನೋಡಿದರೆ, ಮೊದಲೇ ಆಸೆ ಹುಟ್ಟಿಸಿದ್ದ ಮಕ್ಕಳು ಉಳಿದವರ ಅರ್ಧದಷ್ಟು ಹೊತ್ತು ಮಾತ್ರ ಚಿತ್ರ ಬಿಡಿಸಿದರು. ಹೇಳದೆ ಕೊಟ್ಟ ಗುಂಪಿನ ಆಸಕ್ತಿ ಕುಗ್ಗಿರಲಿಲ್ಲ. ಅಂದರೆ ಮೆಚ್ಚುಗೆಯಿಂದ ಕೇಡಿಲ್ಲ, ಮೆಚ್ಚುಗೆ ಬಂದೇ ಬರುತ್ತದೆಂದು ಕಾಯುವುದರಲ್ಲಿ ಇದೆ. ಬರಹ ಹಾಕಿದ ದಿನ ಹತ್ತು ನಿಮಿಷಕ್ಕೊಮ್ಮೆ ಎಣಿಸುವವರು ತಮ್ಮನ್ನು ತಾವೇ ಮೊದಲನೇ ಗುಂಪಿಗೆ ಸೇರಿಸಿಕೊಂಡಂತೆ. ಫೋನಿನ ನೋಟಿಫಿಕೇಶನ್ ನಿಲ್ಲಿಸಿಬಿಡಿ. ಪ್ರತಿಕ್ರಿಯೆಗಳನ್ನು ವಾರಕ್ಕೊಮ್ಮೆ, ಮುಂದಿನ ಕರಡು ಶುರುವಾದ ಮೇಲೆ ನೋಡಿ. ಶುರುವಾಗುವ ಮೊದಲು ನೋಡಿದರೆ ಹೊಗಳಿಸಿಕೊಂಡ ಬರಹವನ್ನೇ ಮತ್ತೆ ಬರೆಯಲು ಕೂರುತ್ತೀರಿ.

ಮೃಗಶಿರ

ವಾರಕ್ಕೊಂದು ಬರಹ ಅನ್ನುವುದು ಪತ್ರಿಕೆಯ ಅಂಕಣಕಾರರ ಲೆಕ್ಕ. ಅವರಿಗೆ ಸಂಭಾವನೆ ಇದೆ, ಗಡುವು ಇದೆ, ಫೋನ್ ಮಾಡಿ ಬೈಯುವ ಉಪಸಂಪಾದಕರಿದ್ದಾರೆ. ಸುಮ್ಮನೆ ಬರೆಯುವವರು ಆ ಲೆಕ್ಕ ಯಾಕೆ ಹಿಡಿಯಬೇಕು? ನಮ್ಮಲ್ಲಿ ಇನ್ನೊಂದು ಪಂಚಾಂಗ ಇದೆಯಲ್ಲ, ಮಳೆ ನಕ್ಷತ್ರದ್ದು.

ವರ್ಷಕ್ಕೆ 27 ನಕ್ಷತ್ರ, ಒಂದೊಂದಕ್ಕೆ ಹದಿಮೂರೂವರೆ ದಿನ. ಮೇ 25ರ ಸುಮಾರಿಗೆ ರೋಹಿಣಿ, ಜೂನ್ 8ಕ್ಕೆ ಮೃಗಶಿರ, 22ಕ್ಕೆ ಆರಿದ್ರಾ, ಜುಲೈ 6ಕ್ಕೆ ಪುನರ್ವಸು, 20ಕ್ಕೆ ಪುಷ್ಯ, ಆಗಸ್ಟ್ 3ಕ್ಕೆ ಆಶ್ಲೇಷ, 17ಕ್ಕೆ ಮಘೆ. ನಕ್ಷತ್ರಕ್ಕೊಂದು ಬರಹ ಅಂದರೆ ವರ್ಷಕ್ಕೆ 27, ಒಂದು ಸಣ್ಣ ಪುಸ್ತಕಕ್ಕೆ ಸಾಕು. ಮೊದಲ ಆರು ದಿನ ಬರೀ ಟಿಪ್ಪಣಿ, ಏಳನೇ ದಿನ ಕರಡು, ಮೂರು ದಿನ ಕಣ್ಣಿಗೆ ಬೀಳದ ಹಾಗೆ ಎತ್ತಿಡುವುದು, ಉಳಿದದ್ದರಲ್ಲಿ ತಿದ್ದಿ ಮುಗಿಸುವುದು.

ಇದರಿಂದ ಒಂದು ಉಪಲಾಭವಿದೆ. ಪ್ರತಿ ನಕ್ಷತ್ರಕ್ಕೂ ಅದರದೇ ಕೆಲಸ, ತಿನಿಸು, ಗಾದೆ ಇರುತ್ತದೆ. "ರೋಹಿಣಿ ಮಳೆ ಹೊಯ್ದರೆ ಓಣಿಯೆಲ್ಲಾ ಜೋಳ" ಅಂತಾರೆ. ಆರಿದ್ರಾ ಆರದೆ ಹುಯ್ಯುತ್ತೆ ಅಂತಾರೆ. ಈ ಸಲ ಹುಯ್ದಿತೇ? ಹುಯ್ಯದಿದ್ದರೆ ಬೀದಿಯಲ್ಲಿ ಜನ ಏನಂದರು? ಬಟ್ಟೆ ಒಣಗಿಸಲು ಯಾವ ಕೋಣೆಗೆ ಹಗ್ಗ ಕಟ್ಟಿದರು? ಅಪಾರ್ಟ್‌ಮೆಂಟಿನ ಏಳನೇ ಮಹಡಿಯಲ್ಲಿರುವವರಿಗೂ ಕೇಳಿಕೊಳ್ಳಲು ಪ್ರಶ್ನೆ ಸಿಗುತ್ತವೆ. ಮುಂದಿನ ವರ್ಷ ಅದೇ ನಕ್ಷತ್ರಕ್ಕೆ ಬಂದಾಗ ಹಳೆಯ ಬರಹ ತೆಗೆದು ಪಕ್ಕದಲ್ಲಿಟ್ಟರೆ ಎರಡನೇ ಬರಹದ ವಿಷಯ ಅಲ್ಲೇ ಬಿದ್ದಿರುತ್ತದೆ. ಅಮೆರಿಕದಲ್ಲೋ ದುಬೈಯಲ್ಲೋ ಇರುವ ಕನ್ನಡಿಗರಿಗೆ ಅಲ್ಲಿನ ಮಳೆ ಬೇರೆ, ಗಾದೆ ಹೊಂದುವುದಿಲ್ಲ ನಿಜ. ಹದಿಮೂರು ದಿನದ ಲೆಕ್ಕ ಮಾತ್ರ ಎಲ್ಲಿದ್ದರೂ ನಡೆಯುತ್ತದೆ, ಹೊಂದದ ಗಾದೆಯೇ ಒಂದು ವಿಷಯವೂ ಆದೀತು.

ಒತ್ತಕ್ಷರ

ಮೃಗಶಿರ ಅವರೇ, ಲೆಕ್ಕ ಕೇಳೋಕೆ ಚಂದ. ಆದರೆ ಮೊದಲೇ ಕೈ ನಿಂತವರಿಗೆ ಹದಿಮೂರು ದಿನ ಕೊಟ್ಟರೆ ಹನ್ನೆರಡು ದಿನ ಏನೂ ಆಗುವುದಿಲ್ಲ. ಕಾವು ಆರಿಹೋದ ಹೆಂಚಿನ ಮೇಲೆ ದೋಸೆ ಏಳುವುದಿಲ್ಲ. ಮೊದಲ ಎರಡು ತಿಂಗಳು ವಾರಕ್ಕೊಂದು ಸಣ್ಣದು, 250 ಪದದ್ದಾದರೂ ಸರಿ, ಮುಗಿಸಲಿ. ಕೈ ಹದಕ್ಕೆ ಬಂದ ಮೇಲೆ ನಕ್ಷತ್ರಕ್ಕೆ ಹೋಗಲಿ.

ಮೃಗಶಿರ

ಒಪ್ಪಿದೆ, ಅರ್ಧ. 250 ಪದದ್ದನ್ನು ಮುಗಿಸಿ ಪುಸ್ತಕದಲ್ಲೇ ಇಟ್ಟುಕೊಳ್ಳಲಿ, ಯಾರಿಗೂ ತೋರಿಸುವುದು ಬೇಡ. ತೋರಿಸುವುದು ನಕ್ಷತ್ರಕ್ಕೊಂದೇ.

ಮೂಲೆಮನೆ

ಯಾರೂ ಮುಟ್ಟದ ಕಾರಣ ಒಂದಿದೆ. ಮನೆಯವರು ಓದತೊಡಗಿದ್ದು. ಮೊದಮೊದಲು ಅಪರಿಚಿತರು ಓದುತ್ತಾರೆ, ಕೈ ಸಲೀಸಾಗಿ ಓಡುತ್ತದೆ. ಒಂದು ದಿನ ನಾದಿನಿ ಓದಿ ಫ್ಯಾಮಿಲಿ ಗ್ರೂಪಿಗೆ ಹಾಕುತ್ತಾಳೆ. ಅಲ್ಲಿಂದ ಅತ್ತೆ ಬರಹದಿಂದ ಮಾಯ, ಪಕ್ಕದ ಮನೆಯವರು ಮಾಯ, ಆಫೀಸು ಮಾಯ. ಉಳಿಯುವುದು ಸೂರ್ಯಾಸ್ತ ಮತ್ತು ಬೆಕ್ಕು. ಎಷ್ಟು ಬೆಕ್ಕು ಬರೆಯುತ್ತೀರಿ?

ಇದು ಧೈರ್ಯದ ಪ್ರಶ್ನೆಯೇನಲ್ಲ, ಕುಸುರಿಯ ಪ್ರಶ್ನೆ. ಟಿಪ್ಪಣಿಯಲ್ಲಿ ಎಲ್ಲವನ್ನೂ ಬರೆಯಿರಿ, ಆ ಪುಸ್ತಕ ಯಾರಿಗೂ ಅಲ್ಲ. ಬರಹಕ್ಕೆ ತರುವಾಗ ವ್ಯಕ್ತಿಯ ಗುರುತು ಹಿಡಿಸುವ ಮೂರು ವಿವರ ಬದಲಾಯಿಸಿ: ನೆಂಟಸ್ತಿಕೆ, ವಯಸ್ಸು, ಕಸುಬು. ಆಡಿದ ಮಾತು ಮಾತ್ರ ಹಾಗೇ ಇರಲಿ, ಜೀವ ಇರುವುದು ಅದರಲ್ಲಿ. ಅತ್ತೆ ಆಡಿದ್ದನ್ನು ಎದುರುಮನೆಯ ನಿವೃತ್ತ ಮೇಷ್ಟ್ರ ಬಾಯಿಗೆ ಹಾಕಿದರೆ ಯಾರಿಗೂ ನಷ್ಟವಿಲ್ಲ. ಒಬ್ಬರ ಮಾತು ತೀರಾ ವಿಶಿಷ್ಟ, ಯಾರಿಗೆ ಹಾಕಿದರೂ ಗೊತ್ತಾಗುತ್ತದೆ ಅನ್ನಿಸಿದರೆ ಅವರಿಗೇ ಓದಿ ಹೇಳಿ ಕೇಳಿ, ಇಲ್ಲವೇ ಒಂದು ವರ್ಷ ಎತ್ತಿಡಿ. ಕಾಯಿಲೆ, ಸಾಲ, ಮಕ್ಕಳ ಪರೀಕ್ಷೆಯ ಅಂಕ, ಗಂಡಹೆಂಡಿರ ಜಗಳ, ಇವು ಇನ್ನೊಬ್ಬರವಾಗಿದ್ದರೆ ಎಷ್ಟು ವೇಷ ಹಾಕಿದರೂ ಬೇಡ. ಮಕ್ಕಳ ಬಗ್ಗೆ ಬರೆಯುವವರು ಇನ್ನೂ ಬಿಗಿಯಾಗಿರಬೇಕು. ಇವತ್ತು ಮುದ್ದಾಗಿ ಕಂಡದ್ದನ್ನು ಆ ಮಗು ಹದಿನೈದಾದಾಗ ಗೆಳೆಯರ ಎದುರು ಓದಬೇಕಾದೀತು.

ಇನ್ನೊಂದು ದಾರಿ ನಗುವಿನ ತುದಿ ತಮ್ಮ ಕಡೆ ತಿರುಗಿಸಿಕೊಳ್ಳುವುದು. ಲಲಿತ ಪ್ರಬಂಧದ ಹಳೆಯ ಪಟ್ಟು ಇದೇ. ಬೇರೆಯವರನ್ನು ನೋಡಿ ನಕ್ಕ ಬರಹ ಎರಡು ಸಲಕ್ಕೆ ಹಳಸುತ್ತದೆ, ಜಗಳ ಬೇರೆ ತರುತ್ತದೆ.

ಖಾಲಿಹಾಳೆ

ಇದೆಲ್ಲ ಉಪಯೋಗದ್ದು. ಎರಡು ವಿಷಯ ಬಾಕಿ. ಅರ್ಧಕ್ಕೆ ನಿಂತ ಕರಡುಗಳು ಮೂವತ್ತು ನಲವತ್ತು ಬಿದ್ದಿರುತ್ತವೆ, ಹೊಸದು ಬರೆಯಲು ಕೂತಾಗ ಅವುಗಳ ನೆನಪಾಗಿಯೇ ಸುಸ್ತು. ಏನು ಮಾಡುವುದು? ಎರಡನೆಯದು ಟೈಪಿಂಗ್. ಕೈಯಲ್ಲಿ ಬರೆದದ್ದನ್ನು ಮತ್ತೆ ಕನ್ನಡದಲ್ಲಿ ಹೊಡೆಯುವ ಬೇಸರಕ್ಕೇ ಎಷ್ಟೋ ಬರಹ ಸಾಯುತ್ತವೆ.

ಕೊಂಬುದೀರ್ಘ

ಟೈಪಿಂಗಿಗೆ ನಾನು ಉತ್ತರಿಸುತ್ತೇನೆ. ಇಂಗ್ಲಿಷ್ ಅಕ್ಷರ ಒತ್ತಿ ಕನ್ನಡ ಬರಿಸುವ ಲಿಪ್ಯಂತರ ಕಲಿಯಲು ಸುಲಭ, ಬರೆಯಲು ನಿಧಾನ. "ಕಮಲ" ಹೊಡೆಯಲು ಅದರಲ್ಲಿ ಆರು ಒತ್ತು. ಕೆ.ಪಿ. ರಾವ್ ಅವರ ವಿನ್ಯಾಸದಿಂದ ಬಂದ, ನುಡಿ ತಂತ್ರಾಂಶದಲ್ಲಿರುವ ಕಗಪ (ಕನ್ನಡ ಗಣಕ ಪರಿಷತ್ತು) ಕೀಲಿಮಣೆಯಲ್ಲಿ ಮೂರೇ. ಅಕಾರ ಅಕ್ಷರದೊಳಗೇ ಇರುತ್ತದೆ, ಒತ್ತಕ್ಷರವೋ ಅರ್ಧಾಕ್ಷರವೋ ಬೇಕಾದಾಗ ಮಾತ್ರ ಹಲಂತದ, ಅಂದರೆ ಅಕಾರ ಕಳೆಯುವ, ಕೀಲಿ ಒತ್ತಬೇಕು. ಕೈ ಪಳಗಲು ದಿನಕ್ಕೆ ಇಪ್ಪತ್ತು ನಿಮಿಷದಂತೆ ಹತ್ತು ಹದಿನೈದು ದಿನ ಹಿಡಿದೀತು. ಆ ಹದಿನೈದು ದಿನ ಹೊಸ ಬರಹ ಟೈಪ್ ಮಾಡಬೇಡಿ, ಹಳೆಯ ಟಿಪ್ಪಣಿ ಹೊಡೆಯಿರಿ. ಇಲ್ಲದಿದ್ದರೆ ಬೆರಳಿನ ಕಷ್ಟವನ್ನು ಬರಹದ ಕಷ್ಟ ಅಂದುಕೊಳ್ಳುತ್ತೀರಿ.

"ರ‍್ಯಾಂಕ್" ಬರೆಯಲು ಹೋದರೆ "ರ್ಯಾಂಕ್" ಆಗಿ ಅರ್ಕಾವೊತ್ತು ಬಂದು ಕೂರುವ ಕಾಟ ಎಲ್ಲರಿಗೂ ಗೊತ್ತು. ರ ಆದ ಮೇಲೆ ಝೀರೋ ವಿಡ್ತ್ ಜಾಯಿನರ್ ಎಂಬ ಕಾಣದ ಅಕ್ಷರ, ಆಮೇಲೆ ಹಲಂತ, ಆಮೇಲೆ ಯ. ಅನುಕ್ರಮ ತಪ್ಪಿದರೆ ಬರುವುದಿಲ್ಲ. "ರಾಜ್‌ಕುಮಾರ್" ನಡುವೆ ಒತ್ತು ಬೀಳದಿರಲು ಬೇಕಾದದ್ದು ಇನ್ನೊಂದು, ನಾನ್ ಜಾಯಿನರ್, ಅದು ಹಲಂತದ ನಂತರ. ಪ್ರತಿಸಲ ಹುಡುಕುವ ಬದಲು ಎರಡನ್ನೂ ಬಳಸಿದ ಹತ್ತು ಪದಗಳ ಒಂದು ಕಡತ ಇಟ್ಟುಕೊಂಡು ಅಲ್ಲಿಂದ ಎತ್ತಿ ಅಂಟಿಸಿದರೆ ಮುಗಿಯಿತು.

ಫೋನಿನಲ್ಲಿ ಹೇಳಿ ಬರೆಸುವುದು ತೀರಾ ಬೇಗ. ಗೂಗಲ್‌ನ ಜೀಬೋರ್ಡ್ ಕೀಲಿಮಣೆಯಲ್ಲಿ ಕನ್ನಡ ಧ್ವನಿ ಇದೆ, ಕಂಪ್ಯೂಟರಿನಲ್ಲಾದರೆ ಗೂಗಲ್ ಡಾಕ್ಸ್‌ನಲ್ಲೂ ಇದೆ. ಮೂರು ಪುಟದ ಕೈಬರಹ ಓದಿ ಹೇಳಲು ಐದು ನಿಮಿಷ, ತಿದ್ದಲು ಹದಿನೈದು. ಫ್ಯಾನ್ ಆರಿಸಿ, ಒಂದು ವಾಕ್ಯ ಹೇಳಿ ನಿಲ್ಲಿಸಿ, ಪೂರ್ಣವಿರಾಮ ಕೈಯಿಂದಲೇ ಹಾಕಿ.

ಧಾರವಾಡದ ಗಾಳಿ

ಆ ಧ್ವನಿ ಯಂತ್ರ ನಮ್ಮ ಕಡೆ ಮಾತು ತಿಳ್ಕೊಳ್ಳೂದಿಲ್ಲ ಬಿಡ್ರಿ. "ಹೊಂಟಾನ" ಅಂದ್ರ "ಹೊರಟನು" ಅಂತ ಶಾಲಿ ಮಾಸ್ತರ್ ಆಗಿಬಿಡ್ತೈತಿ. ಮಂದಿ ಆಡಿದ ಮಾತು ಅದಕ್ಕ ಹೇಳಬ್ಯಾಡ್ರಿ, ಅಷ್ಟ ಕೈಯಿಂದ ಹೊಡೀರಿ. ಇಲ್ಲಾಂದ್ರ ಕಷ್ಟಪಟ್ಟು ಕಿವಿಗೆ ಹಾಕ್ಕೊಂಡಿದ್ದೆಲ್ಲ ಪೇಪರ್ ಕನ್ನಡ ಆಗಿ ಹೊರಗ ಬರ್ತೈತಿ.

ಹಸ್ತಪ್ರತಿ

ನಲವತ್ತು ಕರಡುಗಳ ಬಗ್ಗೆ. ಒಂದು ಸಂಜೆ ಕೂತು ಒಂದೊಂದಕ್ಕೆ ಎರಡೇ ನಿಮಿಷ ಕೊಡಿ. ಓದಿದಾಗ ಒಂದು ವಸ್ತು ಕಣ್ಣೆದುರು ಬಂದರೆ ಆ ವಾಕ್ಯ ಮಾತ್ರ ಕಿಸೆ ಪುಸ್ತಕಕ್ಕೆ ಇಳಿಸಿಕೊಂಡು ಕರಡು ಬೇರೆ ಫೋಲ್ಡರಿಗೆ ತಳ್ಳಿ. ಬರದಿದ್ದರೆ ನೇರ ತಳ್ಳಿ. ಅಳಿಸುವುದು ಬೇಡ, ಅಳಿಸುವಾಗ ಮತ್ತೆ ಮೋಹ ಹುಟ್ಟುತ್ತದೆ. ನಲವತ್ತರಲ್ಲಿ ಎಂಟು ಹತ್ತು ವಾಕ್ಯ ಉಳಿದರೆ ಲಾಭವೇ. ಮುಂದಕ್ಕೆ ಏಕಕಾಲಕ್ಕೆ ಎರಡಕ್ಕಿಂತ ಹೆಚ್ಚು ಕರಡು ತೆರೆದಿಡಬೇಡಿ, ಮೂರನೆಯದು ಶುರುವಾಗಬೇಕಾದರೆ ಒಂದು ಮುಗಿಯಬೇಕು ಇಲ್ಲ ಹೋಗಬೇಕು.

ಕರಡು ಅರ್ಧಕ್ಕೆ ನಿಲ್ಲುವುದು ಯಾಕೆ ಅನ್ನುವುದಕ್ಕೆ ಒಂದು ಮಾದರಿ. "ಬೆಳಿಗ್ಗೆ ಒಗ್ಗರಣೆ ಹಾಕುವಾಗ ಗ್ಯಾಸ್ ಮುಗಿಯಿತು. ತುಂಬಾ ಕಿರಿಕಿರಿಯಾಯಿತು. ನಾವೆಷ್ಟು ಪರಾವಲಂಬಿಗಳಾಗಿದ್ದೇವೆ!" ಇಲ್ಲಿಗೆ ನಿಂತಿದೆ. ನಿಲ್ಲದೆ ಏನು ಮಾಡೀತು, ಎರಡನೇ ವಾಕ್ಯಕ್ಕೇ ವಸ್ತುವನ್ನು ಬಿಟ್ಟು ಭಾವನೆಗೆ, ಮೂರನೆಯದಕ್ಕೆ ಲೋಕಕ್ಕೆ ಹಾರಿದೆ. ಅಲ್ಲಿಂದ ಮುಂದೆ ಭಾಷಣವೇ ದಾರಿ. ಸಿಲಿಂಡರಿಗೆ ವಾಪಸ್ ಬನ್ನಿ. ಉರಿ ಮೊದಲು ಕುಳ್ಳಾಗಿ ತೂಗಾಡಿ ಆಮೇಲೆ ಆರಿತು. ಸಾಸಿವೆ ಅರ್ಧ ಸಿಡಿದು ನಿಂತಿದೆ, ಕರಿಬೇವು ಹಾಕಿದರೆ ಚುಂಯ್ ಅನ್ನಲಿಲ್ಲ. ಇನ್ನೊಂದು ಸಿಲಿಂಡರ್ ಎಲ್ಲಿದೆ, ಅದರ ಮೇಲೆ ಏನೇನು ಪೇರಿಸಿದೆ? ಗ್ಯಾಸ್ 14.2 ಕಿಲೋ, ಕಬ್ಬಿಣದ ತೂಕ ಬೇರೆ, ಅದು ಸಿಲಿಂಡರಿನ ಮೇಲೇ ಬರೆದಿರುತ್ತದೆ. ಎತ್ತುವುದಿಲ್ಲ, ಓರೆಮಾಡಿ ಅಂಚಿನ ಮೇಲೆ ಉರುಳಿಸಿಕೊಂಡು ಬರುತ್ತಾರೆ, ಆ ಸದ್ದು ಕೆಳಗಿನ ಮನೆಗೆ ಕೇಳುತ್ತದೆ. ಹಳೆಯದನ್ನು ಸರಿಸಿದಾಗ ನೆಲದ ಮೇಲೆ ತುಕ್ಕಿನ ಉಂಗುರ. ಹಿಡಿಯ ಕೆಳಗಿನ ಪಟ್ಟಿಯಲ್ಲಿ ಒಂದು ಅಕ್ಷರ, ಎರಡು ಅಂಕಿ: ಎ ಅಂದರೆ ಜನವರಿಯಿಂದ ಮಾರ್ಚ್, ಬಿ ಅಂದರೆ ಏಪ್ರಿಲಿನಿಂದ ಜೂನ್, ಹೀಗೆ ಡಿವರೆಗೆ, ಮುಂದಿನ ಪರೀಕ್ಷೆಯ ಗಡುವು ಅದು. ಮನೆಯಲ್ಲಿ ಯಾರು ಅದನ್ನು ಓದುತ್ತಾರೆ? ಸೀಲು ಕಿತ್ತ ದಾರ ಎಲ್ಲಿ ಹೋಯಿತು? ವಾಷರ್ ಇದೆಯೇ ಅಂತ ಬೆರಳು ಹಾಕಿ ನೋಡಿದ್ದು ಯಾರು, ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೆಯೇ ಅಂತ ಕಾದದ್ದು ಯಾರು? ಇಷ್ಟಕ್ಕೇ 500 ಪದ ಮುಗಿದುಹೋಗುತ್ತದೆ, ಪರಾವಲಂಬನೆಯ ಮಾತಿಗೆ ಜಾಗವೇ ಇರುವುದಿಲ್ಲ. ಎರಡನೇ ಸಲ ಒಗ್ಗರಣೆ ಚುಂಯ್ ಅಂದಲ್ಲಿಗೆ ನಿಲ್ಲಿಸಿ.

ಸಂಜೆಪಾಳಿ

ಒಂದು ಎಚ್ಚರಿಕೆ. ಇಲ್ಲಿ ಹೇಳಿದ್ದೆಲ್ಲ ಬರವಣಿಗೆ ಮಾತ್ರ ನಿಂತವರಿಗೆ. ಬರೆಯುವುದರ ಜೊತೆಗೆ ಊಟ ರುಚಿಸದಿರುವುದು, ನಿದ್ದೆ ಕೆಡುವುದು, ಇಷ್ಟದ ಹಾಡೂ ಬೇಡವೆನಿಸುವುದು, ಯಾರ ಫೋನನ್ನೂ ಎತ್ತಲಾಗದಿರುವುದು, ಹೀಗೆ ದಿನದ ಬಹುಪಾಲು, ಎರಡು ವಾರಕ್ಕೂ ಮೀರಿ ಇದ್ದರೆ ನೋಟ್‌ಬುಕ್ ಬದಲಿಸಿ ಪ್ರಯೋಜನವಿಲ್ಲ, ವೈದ್ಯರನ್ನು ಕಾಣಬೇಕು. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416, ಹಗಲೂ ರಾತ್ರಿಯೂ ಇದೆ, ಕನ್ನಡದಲ್ಲಿ ಮಾತಾಡಬಹುದು.

ಮನಸ್ಸು ಹಗುರವಾಗಲೆಂದು ದುಃಖವನ್ನೇ ಬರೆಯಲು ಕೂರುವವರಿಗೂ ಒಂದು ಮಾತು. 1986ರಲ್ಲಿ ಪೆನ್ನೆಬೇಕರ್ ಮತ್ತು ಬೀಲ್ ಎಂಬ ಸಂಶೋಧಕರು ವಿದ್ಯಾರ್ಥಿಗಳಿಂದ ನಾಲ್ಕು ರಾತ್ರಿ, ದಿನಕ್ಕೆ 15 ನಿಮಿಷ ನೋವಿನ ಸಂಗತಿ ಬರೆಸಿದರು. ಸಂಗತಿಯ ಜೊತೆ ಭಾವನೆಯನ್ನೂ ಬರೆದವರು ಮುಂದಿನ ಆರು ತಿಂಗಳಲ್ಲಿ ಆರೋಗ್ಯ ಕೇಂದ್ರಕ್ಕೆ ಹೋದದ್ದು ಕಡಿಮೆ. ಆದರೆ ಬರೆದ ತಕ್ಷಣ ಅವರ ಮನಸ್ಸು ಹೆಚ್ಚು ಭಾರವಾಗಿತ್ತು. ಅಂಥದ್ದನ್ನು ಮಲಗುವ ಮುಂಚೆ ಬರೆಯಬೇಡಿ, ಬರೆದ ದಿನವೇ ಯಾರಿಗೂ ತೋರಿಸಬೇಡಿ.

ಖಾಲಿಹಾಳೆ

ಕೊನೆಯದು. ಒಂದು ವರ್ಷ ಬಿಟ್ಟು ಮತ್ತೆ ಶುರು ಮಾಡುವವರು "ಬಹಳ ದಿನಗಳ ನಂತರ ಬರೆಯುತ್ತಿದ್ದೇನೆ" ಅಂತ ಒಂದು ಪೀಠಿಕೆ ಬರೆಯಬೇಕೇ?

ಹಸ್ತಪ್ರತಿ

ಬೇಡ. ಆ ಪೀಠಿಕೆ ಬರೆದವರು ಮುಂದಿನದನ್ನು ಬರೆಯದೆ ಉಳಿಯುವುದನ್ನು ಎಷ್ಟು ಸಲ ನೋಡಿಲ್ಲ? ಇನ್ನುಮುಂದೆ ನಿಯಮಿತವಾಗಿ ಬರೆಯುತ್ತೇನೆಂದು ಮಾತು ಕೊಟ್ಟ ಕೂಡಲೇ ಬರೆಯುವುದು ಸಾಲ ತೀರಿಸುವ ಕೆಲಸವಾಗುತ್ತದೆ. ಎಲ್ಲಿಗೂ ಹೋಗಿರದವರ ಹಾಗೆ ಒಳಗೆ ಬಂದು 300 ಪದದ್ದೊಂದು ಇಟ್ಟುಬಿಡಿ. ಮೊದಲ ವಾಕ್ಯದಲ್ಲಿ ಒಂದು ವಸ್ತು ಇರಲಿ.

ಖಾಲಿಹಾಳೆ

ಸರಿ. ಮೃಗಶಿರ ಅವರೇ, ಈಗ ಯಾವ ಮಳೆ?

ಮೃಗಶಿರ

ಪುನರ್ವಸು. ಇನ್ನು ನಾಲ್ಕು ದಿನ ಇದೆ, 20ಕ್ಕೆ ಪುಷ್ಯ. ಕಿಸೆ ಪುಸ್ತಕ ತರಲು ನಾಲ್ಕು ದಿನ ಸಾಕಲ್ಲ.

ಒತ್ತಕ್ಷರ

96 ಪುಟದ್ದು. ರಟ್ಟಿನದು ತರಬೇಡಿ ಮತ್ತೆ.